ಕೆಡಿಸುವುದೇ ಕೆಲಸ

"ಎಂತ ಕೆಲಸ ನಿನ್ನದು?" ಎಂದು ಯಾರಾದರೂ ಕೇಳಿದರೆ "ಕಂಪ್ಯೂಟರ್" ಎಂದು ಹೇಳಿ ಜಾರಿಕೊಳ್ಳುತ್ತೇನೆ. ಸರಿಯಾಗಿರುವ ಜಿಪ್ ಫೈಲ್, ಅಂದರೆ ಹಲವು ಫೈಲುಗಳನ್ನು ಒತ್ತಿ ಕಟ್ಟಿದ ಗಂಟು, ತೆಗೆದುಕೊಂಡು, ನಡುವೆ ಒಂದು ಬಿಟ್ ತಿರುಗಿಸಿ (0 ಇದ್ದಲ್ಲಿ 1, 1 ಇದ್ದಲ್ಲಿ 0), ಬಾಲ ಕತ್ತರಿಸಿ, ಬಿಚ್ಚುವ ಸಾಫ್ಟ್‌ವೇರಿಗೆ ತಿನ್ನಿಸುವುದಕ್ಕೆ ಸಂಬಳ ಕೊಡುತ್ತಾರೆ ಎಂದರೆ ಯಾರು ನಂಬುತ್ತಾರೆ?

ಸಾಫ್ಟ್‌ವೇರ್ "ಇದು ಕೆಟ್ಟಿದೆ, ಬೇಡ" ಎಂದರೆ ಪಾಸು. ಕ್ರ್ಯಾಶ್ ಆದರೆ ನನಗೆ ಖುಷಿ, ಬರೆದವನಿಗೆ ತಲೆನೋವು. ಜಾಸ್ತಿ ಅಪಾಯ ಯಾವುದೆಂದರೆ, ಕೆಟ್ಟದ್ದನ್ನು ಸುಮ್ನೆ ನುಂಗಿ "ಎಲ್ಲ ಸರಿ ಉಂಟು" ಎನ್ನುವುದು. ಅದಕ್ಕೇ ಜಿಪ್‌ನೊಳಗಿನ ಪ್ರತಿ ಫೈಲಿಗೂ ಸಿಆರ್‌ಸಿ-32 ಎಂಬ ಲೆಕ್ಕ ಬರೆದಿಟ್ಟಿರುತ್ತಾರೆ. ಫೈಲಿನ ಒಂದೇ ಒಂದು ಬಿಟ್ ಬದಲಾದರೂ ಲೆಕ್ಕ ತಾಳೆಯಾಗುವುದಿಲ್ಲ. ಹಾಗಂತ ಲೆಕ್ಕ ಸರಿಯಿದ್ದವರನ್ನೆಲ್ಲ ನಂಬುವಂತಿಲ್ಲ. 42 ಕಿಲೋಬೈಟಿನ ಒಂದು ಕುಖ್ಯಾತ ಜಿಪ್ ಫೈಲಿದೆ. ಒಳಗಿನ ಜಿಪ್‌ಗಳನ್ನೆಲ್ಲ ಬಿಚ್ಚುತ್ತಾ ಹೋದರೆ ಸುಮಾರು 4.5 ಪೆಟಾಬೈಟ್, ಅಂದರೆ 45 ಲಕ್ಷ ಗಿಗಾಬೈಟ್! ನಮ್ಮ ಆಫೀಸಿನ ಡಿಸ್ಕುಗಳನ್ನೆಲ್ಲ ಸೇರಿಸಿದರೂ ಒಂದು ಮೂಲೆಗೂ ಸಾಲದು.

ಹೀಗೆ ಕಸ ಸುರಿದು ಪರೀಕ್ಷಿಸುವುದಕ್ಕೆ ಫಜ್ಜಿಂಗ್ ಎನ್ನುತ್ತಾರೆ. ಶುರುವಾದದ್ದು ಮಳೆಯಿಂದ. 1988ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಪ್ರೊಫೆಸರ್ ಬಾರ್ಟನ್ ಮಿಲ್ಲರ್ ಒಂದು ರಾತ್ರಿ ಫೋನ್ ಲೈನಿನಲ್ಲಿ ಯುನಿಕ್ಸ್ ಕಂಪ್ಯೂಟರಿಗೆ ಲಾಗಿನ್ ಆಗಿದ್ದರು. ಗುಡುಗು ಮಳೆಗೆ ಲೈನಿನಲ್ಲಿ ಕಸದ ಅಕ್ಷರಗಳು ನುಗ್ಗಿ ಪ್ರೋಗ್ರಾಮ್‌ಗಳು ಮಗುಚಿದವು. ಪುಣ್ಯಾತ್ಮರು ಮಳೆ ಜಡಿಯುವ ಆಟಿ ತಿಂಗಳಲ್ಲಿ ಮಂಗಳೂರಿಗೆ ಬರಬೇಕಿತ್ತು ಮಾರಾಯ್ರೆ.

ಆಟಿಯಲ್ಲೇ ಆದದ್ದು ಇದು. ಮೇ ತಿಂಗಳ ಮದುವೆಯ ಫೋಟೋಗಳನ್ನು ಫೋಟೋಗ್ರಾಫರ್ ಆಗ ಕಳಿಸಿದ್ದ. ಉಡುಪಿಯ ದೊಡ್ಡಮ್ಮ ಡೌನ್‌ಲೋಡ್‌ಗೆ ಇಟ್ಟರು, ಕರೆಂಟ್ ಹೋಯಿತು, ಅರ್ಧ ಜಿಪ್ ಉಳಿಯಿತು. "ನೀನು ಕಂಪ್ಯೂಟರಿನವನಲ್ವಾ, ಸರಿ ಮಾಡಿಕೊಡು ಮಗಾ." ಕೆಡಿಸುವವನಿಗೆ ರಿಪೇರಿ ಕೆಲಸ!

ಜಿಪ್‌ನ ಪರಿವಿಡಿ ಇರುವುದು ಕೊನೆಯಲ್ಲಿ. ಡೌನ್‌ಲೋಡ್ ನಡುವೆ ನಿಂತರೆ ಅದು ಬಂದಿರುವುದೇ ಇಲ್ಲ. ಪುಣ್ಯಕ್ಕೆ ಪ್ರತಿ ಫೋಟೋದ ಮುಂದೆಯೂ ಅದರದ್ದೇ ಹೆಸರಿನ ಚೀಟಿ ಇರುತ್ತದೆ. ಅದನ್ನೇ ಹಿಡಿದು ಮೊದಲಿನಿಂದ ಒಂದೊಂದಾಗಿ ಹೊರಗೆಳೆದೆ. ಮದರಂಗಿ ಬಂತು, ಧಾರೆ ಬಂತು. ಕೊನೆಗೆ ಸಿಕ್ಕಿದ್ದು ಮನೆಯವರೆಲ್ಲ ಸಾಲಾಗಿ ನಿಂತ ಫೋಟೋ. ಮೇಲೆ ಮಂಟಪದ ಹೂವು, ಮಲ್ಲಿಗೆ ಮುಡಿದ ತಲೆಗಳು, ನಗು. ಕುತ್ತಿಗೆಯಿಂದ ಕೆಳಗೆ ಬರೀ ಬೂದಿ ಬಣ್ಣ.

ಸಿಕ್ಕಿದ್ದೇ ದೊಡ್ಡದು ಎಂದು ವಿವರಿಸಿದೆ. ದೊಡ್ಡಮ್ಮ ಕನ್ನಡಕ ಏರಿಸಿ ನೋಡಿದರು.

"ಅದೆಲ್ಲ ಸರಿ. ನನ್ನ ಸೀರೆ ಎಲ್ಲಿ?"