ನಿಮ್ಮ ಊರಿನ ತೇರುಬೀದಿ ಎಲ್ಲಿದೆ?

ಶಿವಮೊಗ್ಗದಿಂದ ಬಂದ ಅಮ್ಮ ಒಂದು ವಾರ ಸುತ್ತಾಡಿದ ಮೇಲೆ ಕೇಳಿದಳು: “ನಿಮ್ಮ ಊರಿನ ಪೇಟೆ ಎಲ್ಲಿದೆ? ತೇರು ಎಳೆಯುವಂಥ ಒಂದು ದೊಡ್ಡ ಬೀದಿ ಇರಬೇಕಲ್ಲ?” ಹದಿನಾಲ್ಕು ವರ್ಷ ಅಮೆರಿಕದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ನಗರದಲ್ಲಿ ಬಾಳಿದ ನನಗೆ ಉತ್ತರ ಹೊಳೆಯಲಿಲ್ಲ. ಅಂಗಡಿಗಳ ಸಾಲು ತೋರಿಸಬಹುದಿತ್ತು, ರೈಲು ನಿಲ್ದಾಣ ತೋರಿಸಬಹುದಿತ್ತು. ಆದರೆ ಇದೇ ಊರಿನ ನಡು ಎಂದು ಬೆರಳು ಮಾಡಿ ತೋರಿಸುವ ಜಾಗ ನನಗೇ ಗೊತ್ತಿರಲಿಲ್ಲ. ಆ ನಾಚಿಕೆಯಿಂದಲೇ ಊರನ್ನು ಓದಲು, ನಡೆದು ನೋಡಲು ಶುರುಮಾಡಿದೆ.

ಉತ್ತರ ಸರಳವಾಗಿತ್ತು. ಫ್ರೀಮಾಂಟ್ ಹುಟ್ಟಿದ್ದೇ ಐದು ಊರು ಸೇರಿ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವದ ದಡದಲ್ಲಿ ಸೆಂಟರ್‌ವಿಲ್, ನೈಲ್ಸ್, ಅರ್ವಿಂಗ್ಟನ್, ಮಿಷನ್ ಸ್ಯಾನ್ ಹೋಸೆ, ವಾರ್ಮ್ ಸ್ಪ್ರಿಂಗ್ಸ್ ಎಂಬ ಐದು ಕೃಷಿಕರ ಊರುಗಳಿದ್ದವು. ಬೆಳೆಯುತ್ತಿದ್ದ ನೆರೆಯ ನಗರಗಳು ತಮ್ಮನ್ನು ನುಂಗುವ ಮೊದಲು ತಾವೇ ಒಂದಾಗೋಣ ಎಂದು 1956ರ ಜನವರಿಯಲ್ಲಿ ಒಂದಾದವು. ಪಕ್ಕದ ನ್ಯೂವಾರ್ಕ್ ಮಾತ್ರ ನಾನು ಬರುವುದಿಲ್ಲ ಎಂದು ಹಿಂದಿನ ವರ್ಷವೇ ಬೇರೆ ನಗರವಾಯಿತು. ಈಗಲೂ ಫ್ರೀಮಾಂಟ್‌ನ ಮಡಿಲಲ್ಲಿ ಕುಳಿತಂತಿದೆ. ಹಾಗಾಗಿ ಇಲ್ಲಿ ಒಂದು ತೇರುಬೀದಿ ಇಲ್ಲ, ಐದಿವೆ. 2020ರ ಜನಗಣತಿಯ ಪ್ರಕಾರ ಇಲ್ಲಿರುವವರು 2,30,504 ಜನ. ಅರ್ಧಕ್ಕಿಂತ ಹೆಚ್ಚು ಮಂದಿ ಏಷ್ಯಾ ಮೂಲದವರು; ಅವರಲ್ಲಿ ಭಾರತೀಯರ ಪಾಲು ದೊಡ್ಡದು. ಆಗಸ್ಟ್ ತಿಂಗಳಲ್ಲಿ ಭಾರತದ ಸ್ವಾತಂತ್ರ್ಯೋತ್ಸವದ ಮೆರವಣಿಗೆ ಇಲ್ಲಿಯ ಬೀದಿಗಳಲ್ಲಿ ಸಾಗುತ್ತದೆ. ವಾರಾಂತ್ಯದಲ್ಲಿ ಮಕ್ಕಳು ಕನ್ನಡ ಅಕ್ಷರ ತಿದ್ದುತ್ತಾರೆ.

ನಾನು ಹೇಳಬೇಕೆಂದಿರುವುದು ನಮ್ಮವರ ಬಗ್ಗೆ. ಈ ಊರಿನ ಬಗ್ಗೆ ನಾವು ಆಡುವುದು ಎರಡೇ ಮಾತು: ಶಾಲೆಯ ಅಂಕ, ಮನೆಯ ಬೆಲೆ. ಯಾವ ಬೀದಿಯ ಯಾವ ಬದಿಗಿದ್ದರೆ ಯಾವ ಹೈಸ್ಕೂಲು ಸಿಗುತ್ತದೆ ಎನ್ನುವುದು ನಮಗೆ ಬಾಯಿಪಾಠ. ಹತ್ತು ಲಕ್ಷ ಡಾಲರ್ ದಾಟಿದ ಮನೆಯ ಅಡಿಯಲ್ಲಿ ಯಾರ ಹೊಲವಿತ್ತು ಎಂದು ನಾವು ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ನಮ್ಮ ಮನೆ ಇರುವುದು ಸೆಂಟರ್‌ವಿಲ್‌ನಲ್ಲಿ. ಇಲ್ಲೆಲ್ಲ ಜಪಾನಿ ಮೂಲದ ಕುಟುಂಬಗಳು ತರಕಾರಿ, ಸ್ಟ್ರಾಬೆರಿ ಬೆಳೆಯುತ್ತಿದ್ದವು. ಅಮೆರಿಕ ಜಪಾನಿನ ವಿರುದ್ಧ ಯುದ್ಧಕ್ಕಿಳಿದಿದ್ದ ಕಾಲ; 1942ರ ಮೇ ತಿಂಗಳಲ್ಲಿ ಸರ್ಕಾರದ ಆದೇಶದಂತೆ ಅವರನ್ನೆಲ್ಲ ಬಸ್ಸು ಹತ್ತಿಸಿ, ಟ್ಯಾನ್‌ಫೊರಾನ್ ಎಂಬ ಕುದುರೆ ಜೂಜಿನ ಮೈದಾನಕ್ಕೆ ಒಯ್ದರು. ಅಲ್ಲಿ ಕುದುರೆ ಲಾಯಗಳಲ್ಲಿ ಸಂಸಾರಗಳನ್ನು ಇರಿಸಿದರು. ಛಾಯಾಗ್ರಾಹಕಿ ಡೊರೊಥಿಯಾ ಲ್ಯಾಂಗ್ ಆ ದಿನಗಳಲ್ಲಿ ಸೆಂಟರ್‌ವಿಲ್‌ನಲ್ಲಿ ತೆಗೆದ ಚಿತ್ರಗಳು ಉಳಿದಿವೆ: ಗಂಟುಮೂಟೆಗಳ ಪಕ್ಕದಲ್ಲಿ ಬಸ್ಸಿಗಾಗಿ ಕಾಯುತ್ತ ನಿಂತ ಜನ. ನಾನು ದಿನವೂ ಮಗನನ್ನು ಶಾಲೆಗೆ ಬಿಟ್ಟು ಬರುವ ಊರು ಅದು. ಆ ಚಿತ್ರ ನೋಡಿದ ಮೇಲೆ ನನ್ನ ಹಿತ್ತಿಲ ಮಣ್ಣನ್ನು ಮೊದಲಿನಂತೆ ಮುಟ್ಟಲು ಆಗಲಿಲ್ಲ.

ಅದಕ್ಕೂ ಹಿಂದಿನವರು ಈ ನೆಲದ ಮೂಲನಿವಾಸಿಗಳಾದ ಓಲೋನಿ ಜನ. 1797ರಲ್ಲಿ ಸ್ಪೇನಿನ ಪಾದ್ರಿಗಳು ಅವರ ನೆಲದಲ್ಲಿ ಮಿಷನ್ ಸ್ಯಾನ್ ಹೋಸೆ ಎಂಬ ಧರ್ಮಪ್ರಚಾರ ಕೇಂದ್ರ ಕಟ್ಟಿದರು. ರೋಗಗಳು ಬಂದವು, ಸಾವಿರಾರು ಜನ ಸತ್ತರು. ವಾಷಿಂಗ್ಟನ್ ಬೋಲೆವಾರ್ಡ್ ಪಕ್ಕದಲ್ಲಿ ಅವರ ಸಮಾಧಿಭೂಮಿ ಇದೆ. ಆ ರಸ್ತೆಯಲ್ಲಿ ನಾನು ನೂರಾರು ಸಲ ಕಾರು ಓಡಿಸಿದ್ದೇನೆ, ಒಮ್ಮೆಯೂ ನಿಲ್ಲಿಸಿರಲಿಲ್ಲ.

ಮತ್ತೆ ಬಂದವರೂ ಇದ್ದಾರೆ. 1979ರಲ್ಲಿ ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿದ ಮೇಲೆ ಓಡಿಬಂದವರಲ್ಲಿ ಅನೇಕರು ಇಲ್ಲಿ ನೆಲೆಸಿದರು. ಸೆಂಟರ್‌ವಿಲ್‌ನ ಒಂದು ಭಾಗವನ್ನು ಜನ ‘ಪುಟ್ಟ ಕಾಬೂಲ್’ ಎನ್ನುತ್ತಾರೆ. ಅಲ್ಲಿ ಮೊಳವುದ್ದದ ನಾನ್ ರೊಟ್ಟಿ ಬಿಸಿಬಿಸಿಯಾಗಿ ಸಿಗುತ್ತದೆ. ಊರಿನ ಇನ್ನೊಂದೆಡೆ ಒಂದು ಮೆಥಡಿಸ್ಟ್ ಚರ್ಚೂ ಒಂದು ಮಸೀದಿಯೂ ಜೊತೆಗೂಡಿ ಜಾಗ ಕೊಂಡು ಅಕ್ಕಪಕ್ಕದಲ್ಲಿ ನಿಂತಿವೆ. ಆ ದಾರಿಗೆ ಅವರೇ ಇಟ್ಟ ಹೆಸರು ‘ಪೀಸ್ ಟೆರೇಸ್’. ಶಾಂತಿಯ ಹೆಸರಿನ ರಸ್ತೆಗಳು ಎಲ್ಲೆಲ್ಲೂ ಇರುತ್ತವೆ, ಇದು ಆ ಹೆಸರಿಗೆ ತಕ್ಕಂತಿದೆ.

ಕಾರ್ಖಾನೆಯ ವಿಷಯವನ್ನೂ ಬಿಡುವ ಹಾಗಿಲ್ಲ. ಇಂದು ಟೆಸ್ಲಾ ಕಾರು ತಯಾರಾಗುವ ಕಟ್ಟಡದಲ್ಲಿ 1960ರ ದಶಕದಿಂದ ಜನರಲ್ ಮೋಟರ್ಸ್ ಕಾರು ಕಟ್ಟುತ್ತಿತ್ತು. 1982ರಲ್ಲಿ ಬಾಗಿಲು ಹಾಕಿತು. 1984ರಲ್ಲಿ ಟೊಯೋಟಾ ಜೊತೆ ಸೇರಿ ಮತ್ತೆ ತೆರೆದಾಗ ಒಳಗೆ ಬಂದವರಲ್ಲಿ ಬಹುಪಾಲು ಹಳೆಯ ಕಾರ್ಮಿಕರೇ. ಕೆಲಸಕ್ಕೆ ಬಾರದವರು ಎನಿಸಿಕೊಂಡಿದ್ದ ಅದೇ ಜನ ಒಳ್ಳೆಯ ಕಾರುಗಳನ್ನು ಕಟ್ಟಿ ತೋರಿಸಿದರು. 2010ರಲ್ಲಿ ಅದೂ ಮುಚ್ಚಿತು. ಅಂದರೆ ಈ ಊರಿನವರಿಗೆ ಕೆಲಸ ಕಳೆದುಕೊಳ್ಳುವುದು ಎಂದರೇನು ಎಂದು ಗೊತ್ತಿದೆ.

ಈಗ ನೈಲ್ಸ್‌ಗೆ ಬರುತ್ತೇನೆ, ಏಕೆಂದರೆ ಅಮ್ಮನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಅದೇ. ಬೆಟ್ಟದ ತಪ್ಪಲು, ಹಳೆಯ ರೈಲುಮಾರ್ಗ, ಒಂದೇ ಉದ್ದನೆಯ ಬೀದಿ. “ಇದು ಊರು” ಎಂದಳು. ಹಾಲಿವುಡ್ ಇನ್ನೂ ಎಳಸಾಗಿದ್ದಾಗ, 1912ರಿಂದ 1916ರವರೆಗೆ, ಎಸ್ಸನೆ ಎಂಬ ಕಂಪನಿ ಇಲ್ಲಿ ಮೂಕಿ ಚಿತ್ರಗಳನ್ನು ತೆಗೆಯುತ್ತಿತ್ತು. 1915ರಲ್ಲಿ ಚಾರ್ಲಿ ಚಾಪ್ಲಿನ್ ಬಂದು ಕೆಲವು ತಿಂಗಳು ಇಲ್ಲಿ ಕೆಲಸ ಮಾಡಿದರು. ‘ದಿ ಟ್ರ್ಯಾಂಪ್’ (ಅಲೆಮಾರಿ) ಚಿತ್ರವಾದದ್ದು ಇಲ್ಲಿಯೇ. ಕೊನೆಯಲ್ಲಿ ಆ ಅಲೆಮಾರಿ ಬೆನ್ನು ತಿರುಗಿಸಿ ಒಬ್ಬನೇ ನಡೆದುಹೋಗುವ ಮಣ್ಣಿನ ದಾರಿ ನೈಲ್ಸ್ ಕಣಿವೆಯದು. ಮನೆಯಿಲ್ಲದ, ಹೊಟ್ಟೆಗಿಲ್ಲದ, ಆದರೆ ಮಾನ ಬಿಡದ ಆ ಮನುಷ್ಯನ ಹೆಸರಿನಲ್ಲಿ ಊರು ಇಂದಿಗೂ ಹಬ್ಬ ಮಾಡುತ್ತದೆ. ಮಕ್ಕಳು ಟೋಪಿ ತೊಟ್ಟು ಬೆತ್ತ ಹಿಡಿದು ನಡೆಯುತ್ತಾರೆ.

ಅದೇ ಫ್ರೀಮಾಂಟ್‌ನ ನಗರ ಕೌನ್ಸಿಲ್ 2025ರ ಫೆಬ್ರವರಿಯಲ್ಲಿ, ಸಾರ್ವಜನಿಕ ಜಾಗದಲ್ಲಿ ಗುಡಾರ ಹಾಕಿ ಬದುಕುವುದನ್ನು ಅಪರಾಧವೆಂದು ಕಾನೂನು ಮಾಡಿತು. ದಂಡವೂ ಉಂಟು, ಜೈಲೂ ಉಂಟು. ಅಂಥವರಿಗೆ ‘ಸಹಾಯ’ ಮಾಡುವುದೂ ತಪ್ಪು ಎನ್ನುವ ಒಂದು ಸಾಲು ಅದರಲ್ಲಿತ್ತು. ಊಟ ನೀರು ಕೊಟ್ಟರೆ ತೊಂದರೆಯಿಲ್ಲ ಎಂಬ ವಿವರಣೆ ಬಂತು. ಜನ ಒಪ್ಪಲಿಲ್ಲ, ಗದ್ದಲವಾಯಿತು, ಮಾರ್ಚ್‌ನಲ್ಲಿ ಆ ಸಾಲನ್ನು ತೆಗೆದರು. ಉಳಿದದ್ದು ಉಳಿಯಿತು.

ಉದ್ಯಾನ ಮಕ್ಕಳಿಗೆ ಸುರಕ್ಷಿತವಾಗಿರಬೇಕು ಎನ್ನುವ ತಾಯಂದಿರ ಅಳಲು ನನಗೆ ಅರ್ಥವಾಗುತ್ತದೆ, ನಾನೂ ತಾಯಿ. ಆದರೆ ಆ ದಿನಗಳಲ್ಲಿ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಬಂದ ಮಾತುಗಳು ನನ್ನ ನಿದ್ದೆ ಕೆಡಿಸಿದವು. “ಅವರು ಬೇರೆಲ್ಲಾದರೂ ಹೋಗಲಿ” ಎಂದು ಬರೆದವರು ವೀಸಾ ನವೀಕರಣಕ್ಕಾಗಿ ಉಸಿರು ಬಿಗಿಹಿಡಿದು ಕುಳಿತವರೇ. ಕೆಲಸ ಹೋಗಿ ಅರವತ್ತು ದಿನದಲ್ಲಿ ಇನ್ನೊಂದು ಸಿಗದಿದ್ದರೆ ಗಂಟುಮೂಟೆ ಕಟ್ಟಬೇಕಾದವರೇ. ಬೇರೆಲ್ಲಾದರೂ ಹೋಗಲಿ ಎನ್ನುವ ಮಾತನ್ನು ಈ ನೆಲ ಓಲೋನಿಗಳಿಗೆ ಹೇಳಿತ್ತು, ಜಪಾನಿ ರೈತರಿಗೆ ಹೇಳಿತ್ತು. ಅದನ್ನು ನಮ್ಮ ಬಾಯಿಂದ, ಅದೂ ಕನ್ನಡದಲ್ಲಿ, ಕೇಳಿ ಸಂಕಟವಾಯಿತು. ನಾನು ಅಂದು ಗುಂಪಿನಲ್ಲಿ ಸುಮ್ಮನಿದ್ದೆ. ಅದಕ್ಕೇ ಇಂದು ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ಅಮ್ಮ ಇಲ್ಲಿದ್ದ ಆರು ತಿಂಗಳು ಬೆಳಿಗ್ಗೆ ಎಲಿಜಬೆತ್ ಕೆರೆಯ ಸುತ್ತ ನಡೆಯಲು ಹೋಗುತ್ತಿದ್ದಳು. ದಾರಿಯಲ್ಲಿ ಗುಡಾರ ಹಾಕಿಕೊಂಡಿದ್ದ ಒಬ್ಬ ಹಿರಿಯರ ಪರಿಚಯವಾಗಿತ್ತು. ಇವಳಿಗೆ ಇಂಗ್ಲಿಷ್ ಬಾರದು, ಅವರಿಗೆ ಕನ್ನಡ ತಿಳಿಯದು. ಡಬ್ಬಿಯಲ್ಲಿ ಎರಡು ಇಡ್ಲಿ ಒಯ್ದು ಕೊಡುತ್ತಿದ್ದಳು. ಅವರು ಡಬ್ಬಿಯನ್ನು ತೊಳೆದು ಮರುದಿನ ಹಿಂದಿರುಗಿಸುತ್ತಿದ್ದರು. “ತೊಳೆದು ಕೊಡುತ್ತಾರೆ ನೋಡು, ಮನೆಯಲ್ಲಿ ಬಾಳಿದ ಮನುಷ್ಯ” ಎಂದು ಅಮ್ಮ ನನಗೆ ಹೇಳುತ್ತಿದ್ದಳು.

ಕಳೆದ ವಾರ ಫೋನಿನಲ್ಲಿ ಅವರ ಬಗ್ಗೆ ಕೇಳಿದಳು. ಕೆರೆಯ ಬಳಿ ಈಗ ಕಾಣುವುದಿಲ್ಲ ಎಂದೆ. ವಿಚಾರಿಸಿ ಹೇಳುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಎತ್ತರದ ಆಳು, ಬಿಳಿ ಗಡ್ಡ, ಜೊತೆಯಲ್ಲಿ ಕುಂಟುವ ಒಂದು ಕಂದು ನಾಯಿ. ಫ್ರೀಮಾಂಟ್‌ನ ಗೆಳೆಯರೇ, ಯಾರಾದರೂ ನೋಡಿದ್ದರೆ ದಯವಿಟ್ಟು ನನಗೆ ತಿಳಿಸಿ.