ಅಜ್ಜನ ಕೃಷ್ಣಾಜಿನ ಮತ್ತು ಊನಾರ್ಕ್‌ರ ಕತ್ತಿ

ಅಜ್ಜ ಜಪಕ್ಕೆ ಕೂರುತ್ತಿದ್ದ ಕೃಷ್ಣಾಜಿನವನ್ನು, ಅಂದರೆ ಕೃಷ್ಣಮೃಗದ ಚರ್ಮವನ್ನು, ಮಕ್ಕಳಾದ ನಾವು ಮುಟ್ಟುವಂತಿರಲಿಲ್ಲ. ಅದು ಮಡಿಯ ವಸ್ತು. ಅದನ್ನು ಹದ ಮಾಡಿದ ಕೈ ಯಾರದೆಂದು ಮಾತ್ರ ಮನೆಯಲ್ಲಿ ಯಾರೂ ವಿಚಾರಿಸಿದ್ದಿಲ್ಲ. ಕೆನಡಾದ ವಿನಿಪೆಗ್‌ಗೆ ಬಂದು ನೆಲೆಸಿದ ಮೇಲೆ, ಇಲ್ಲಿನ ಆರ್ಟ್ ಗ್ಯಾಲರಿ ಉತ್ತರಧ್ರುವ ಸೀಮೆಯ ಮೂಲನಿವಾಸಿಗಳಾದ ಇನ್ಯೂಟರ ಕಲೆಗೆಂದೇ 2021ರಲ್ಲಿ ತೆರೆದ ಕೌಮಾಜುಕ್ ಕಟ್ಟಡಕ್ಕೆ ಹೋಗಿಬರುತ್ತ, ಆ ಪ್ರಶ್ನೆ ತಡವಾಗಿ ನನ್ನನ್ನು ಕಾಡತೊಡಗಿತು.

ಕಡಲಿನಿಂದ ದೂರ, ಉತ್ತರ ಕೆನಡಾದ ಬೇಕರ್ ಲೇಕ್ ಸುತ್ತಿನ ಒಳನಾಡಿನಲ್ಲಿ ಬದುಕಿದ ಇನ್ಯೂಟರಿಗೆ ಕ್ಯಾರಿಬೂ ಎಂಬ ಹಿಮನಾಡಿನ ಜಿಂಕೆ, ಅವರ ಮಾತಿನಲ್ಲಿ ತುಕ್ತು, ಊಟವೂ ಹೌದು ಉಡುಪೂ ಹೌದು. ಕಲ್ಲು ಪೇರಿಸಿದ ಇನುಕ್ಸುಕ್‌ಗಳ ಸಾಲಿನಿಂದ ಹಿಂಡನ್ನು ಬೆದರಿಸಿ ನದಿಗಿಳಿಸಿ, ಈಜುವ ಪ್ರಾಣಿಯನ್ನು ಕಯಾಕ್ ಎಂಬ ಕಿರುದೋಣಿಯಿಂದ ಭರ್ಜಿಯಲ್ಲಿ ಇರಿಯುತ್ತಿದ್ದರು. ಬೇಸಿಗೆಯ ಕೊನೆಯ ಚರ್ಮವೇ ಬಟ್ಟೆಗೆ ಶ್ರೇಷ್ಠ, ಏಕೆಂದರೆ ನೊಣದ ಮರಿಗಳು ಕೊರೆದ ತೂತುಗಳು ಆ ಹೊತ್ತಿಗೆ ಮಾಯ್ದಿರುತ್ತವೆ, ಕೂದಲೂ ಹದವಾದ ಉದ್ದದಲ್ಲಿರುತ್ತದೆ. ಒಳಗಿನ ಅಂಗಿಯ ಕೂದಲು ಮೈಗೆ ತಾಗುವಂತೆ, ಹೊರಗಿನದರ ಕೂದಲು ಹೊರಮುಖವಾಗಿ, ಎರಡು ಪದರ. ಹೆಂಗಸರು ಅರ್ಧಚಂದ್ರಾಕಾರದ ಉಲು ಕತ್ತಿಯಿಂದ ಕಣ್ಣಳತೆಯಲ್ಲೇ ಕತ್ತರಿಸಿ, ಅದೇ ಪ್ರಾಣಿಯ ಬೆನ್ನಿನ ಸ್ನಾಯುವನ್ನು ಎಳೆಎಳೆಯಾಗಿ ಸೀಳಿ ದಾರ ಮಾಡಿ ಹೊಲಿಯುತ್ತಿದ್ದರು.

1906ರಲ್ಲಿ ಹುಟ್ಟಿದ ಇನ್ಯೂಟ್ ಕಲಾವಿದೆ ಜೆಸ್ಸಿ ಊನಾರ್ಕ್ ಹೀಗೆ ಹೊಲಿಯುತ್ತಲೇ ವಯಸ್ಸಾದವರು. ವಿಧವೆಯಾಗಿ, ಕ್ಯಾರಿಬೂ ಸಿಗದೆ ಹಸಿವು ಮಿತಿಮೀರಿದಾಗ, 1958ರಲ್ಲಿ ಬೇಕರ್ ಲೇಕ್‌ಗೆ ಬಂದರು. ಪೆನ್ಸಿಲ್ ಹಿಡಿದದ್ದು ಐವತ್ತು ದಾಟಿದ ಮೇಲೆ. ಅವರ ಮುದ್ರಣಚಿತ್ರಗಳಲ್ಲಿ ಉಲು, ಕೂಸನ್ನು ಹೊರುವ ಅಮೌತಿ ಎಂಬ ಹೆಂಗಸರ ಅಂಗಿಯ ದೊಡ್ಡ ಟೊಪ್ಪಿ, ಅಂಗಿಯ ಬಿಳಿ ಪಟ್ಟಿಗಳು ಮತ್ತೆ ಮತ್ತೆ ಬರುತ್ತವೆ. ನೆರಳಿಲ್ಲದ ಅಚ್ಚ ಬಣ್ಣದ ತುಂಡುಗಳು ಚರ್ಮದ ತುಂಡುಗಳಂತೆಯೇ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಇದನ್ನು ಚಿತ್ರಕಲೆಯೆಂದು ಮಾತ್ರ ನೋಡುವವರು ಅರ್ಧವನ್ನಷ್ಟೇ ನೋಡುತ್ತಾರೆ ಎಂಬುದು ನನ್ನ ಅಭಿಪ್ರಾಯ. ಚರ್ಮ ಕತ್ತರಿಸಿದ ಕೈಯೇ ಅಲ್ಲಿ ಕಲಾವಿದೆಯ ಕೈ. ಬೇಕರ್ ಲೇಕ್‌ನ ಮುದ್ರಣಚಿತ್ರಗಳಲ್ಲಿ ಚಿತ್ರ ಬರೆದವರೊಡನೆ ಅಚ್ಚು ತೆಗೆದವರ ಹೆಸರೂ ಇರುವುದು ನನಗೆ ಬಲು ಮೆಚ್ಚಿಗೆಯಾಯಿತು.

ಇನ್ಯೂಟರ ಬದುಕು ಸುಖದ್ದಾಗಿತ್ತೆಂದು ನಾನು ಹೇಳುತ್ತಿಲ್ಲ. ಹಸಿವಿನಿಂದ ಸತ್ತವರು ಅನೇಕರು. ಆದರೆ ಅವರಲ್ಲಿ ಚರ್ಮದ ಕೆಲಸಕ್ಕೆ ಮೈಲಿಗೆ ಅಂಟಿರಲಿಲ್ಲ. ನಮ್ಮಲ್ಲೂ ಜಿಂಕೆಯ ಚರ್ಮವನ್ನು ಬೆಳಕು ತೂರುವಷ್ಟು ತೆಳುವಾಗಿ ಹೆರೆದು, ಬಣ್ಣ ತುಂಬಿ, ರಾಮ ಸೀತೆಯರನ್ನು ಪರದೆಗೆ ತಂದ ಕಿಳ್ಳೇಕ್ಯಾತರಿದ್ದಾರೆ. ಮಳೆ ಬಾರದಿದ್ದರೆ ಊರವರು ಅವರನ್ನೇ ಕರೆಸಿ ತೊಗಲುಗೊಂಬೆಯಾಟ ಆಡಿಸುತ್ತಿದ್ದರು. ಬಿಡಾರಕ್ಕೆ ಮಾತ್ರ ಊರಾಚೆಯ ಬಯಲನ್ನು ತೋರಿಸುತ್ತಿದ್ದರು.