ಎಲ್ಲ ತೊಗಲಿಗೂ ಒಂದೇ ಗತಿ ಅಲ್ಲ

ಉತ್ತರ ಅಮೆರಿಕದಲ್ಲಿ ಕಾಡುಪ್ರಾಣಿಗಳ ತುಪ್ಪಳಕ್ಕೆ ಇನ್ನು ಗಿರಾಕಿಯೇ ಇಲ್ಲ ಅಂತ ಒಂದು ಲೇಖನ ಹೇಳುತ್ತದೆ. ಪೂರ್ತಿ ನಿಜವಲ್ಲ. ಜಾಕೆಟ್ ಟೋಪಿಯ ಅಂಚಿಗೆ ಕಯೋಟಿ (ತೋಳದಂಥ ಕಾಡುನಾಯಿ) ತುಪ್ಪಳ ಹಾಕುತ್ತಿದ್ದ ಕೆನಡಾ ಗೂಸ್ ಕಂಪನಿ ತುಪ್ಪಳ ಬಳಸುವುದನ್ನು ಬಿಡುವುದಾಗಿ 2021ರಲ್ಲಿ ಘೋಷಿಸಿದ್ದು ಕಯೋಟಿಗೆ ಪೆಟ್ಟು, ಸರಿ. ಆದರೆ ನೀರಲ್ಲಿ ಬಾಳುವ ದಂಶಕ ಬೀವರ್‌ನ ತೊಗಲು ಕೊಳ್ಳುವ ಹ್ಯಾಟ್ ತಯಾರಕರಿಗೆ ಬೇಕಾದದ್ದು ಒಳಗಿನ ನುಣುಪು ಕೂದಲು. ತೊಗಲಿನ ಸಣ್ಣಪುಟ್ಟ ಗಾಯ ಅವರಿಗೆ ಲೆಕ್ಕಕ್ಕಿಲ್ಲ.

ದರ ಕುಸಿದಾಗ ಮೊದಲು ಮೂಲೆ ಸೇರುವುದು ಕಳಪೆಯಾಗಿ ಒಣಗಿಸಿದ ಮಾಲು. ರಕೂನ್ ತೊಗಲಿನ ಕೊಬ್ಬು ಪೂರ್ತಿ ಹೆರೆಯದೆ ಒಲೆ ಪಕ್ಕ ಇಟ್ಟರೆ ಕೊಬ್ಬು ಕರಗಿ ಚರ್ಮಕ್ಕೆ ಇಳಿಯುತ್ತದೆ, ಹದ ಮಾಡುವಾಗ ಹರಿಯುತ್ತದೆ. ಕಯೋಟಿ ತೊಗಲನ್ನು ಮೊದಲು ಚರ್ಮ ಹೊರಗಾಗಿ ಒಣಗಿಸುವ ಹಲಗೆಗೆ ಏರಿಸಿ, ಅಂಟು ಆರುತ್ತಿದ್ದಂತೆ ತಿರುವಿ ಕೂದಲು ಹೊರಗೆ ಮಾಡಬೇಕು. ತಡವಾದರೆ ಮಡಚುವಾಗಲೇ ಬಿರುಕು!

ತೊಗಲು ಮಾರಲು ಹೋದರೆ ಊರಿನ ವ್ಯಾಪಾರಿ ಕೈಗೆ ಕೂಡಲೇ ಕಾಸು ಕೊಡುತ್ತಾನೆ. ಹರಾಜಿನಲ್ಲಿ ಕಮಿಷನ್ ಕಳೆದು ತಡವಾಗಿ ಬರುತ್ತದೆ, ಮಾರಾಟವಾದರೆ.